ಹಿಟ್ಟಿನ ಕೋಳಿ, ಹಸಿರು ನೆತ್ತರು

‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತು ಕನ್ನಡದಲ್ಲಿ ಹುಟ್ಟಿದ್ದು ಚಿಕ್ಕ ಮಕ್ಕಳ ಮೇಲಿನ ಅಕ್ಕರೆಯಿಂದ. ದೊಡ್ಡವರು ಚೌಕಾಬಾರದ ಮನೆ ಬರೆದು ಕುಳಿತಾಗ ಹಟ ಹಿಡಿಯುವ ಪುಟ್ಟ ಮಗುವಿಗೂ ನಾಲ್ಕು ಕಾಯಿ ಕೊಟ್ಟು ಕೂರಿಸಿಕೊಳ್ಳುತ್ತಾರೆ. ಅದು ಕವಡೆ ಎಸೆಯಬಹುದು, ಕಾಯಿ ನಡೆಸಬಹುದು, ಎದುರಾಳಿಯ ಕಾಯಿ ಹೊಡೆಯಲೂಬಹುದು. ಆದರೆ ಅದರ ಸೋಲು ಗೆಲುವನ್ನು ಯಾರೂ ಎಣಿಸುವುದಿಲ್ಲ. ಈಗ ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ನಡೆಯುವ ಆಟಗಳನ್ನು ನಾವು ಇದೇ ಮಾತಿನ ನೆರಳಿಗೆ ತಂದು ನಿಲ್ಲಿಸಿದ್ದೇವೆ. ಒಂದು ಸಂಜೆಯಲ್ಲಿ ಇಪ್ಪತ್ತು ಮೂವತ್ತು ಆಕೃತಿಗಳ ಎದೆಗೆ ಗುಂಡು ಹೊಡೆದ ಹುಡುಗ ಊಟಕ್ಕೆ ಬಂದು ಕೂರುತ್ತಾನೆ. ಮನೆಯವರು ಏನಾದರೂ ಅಂದರೆ, ಅದು ಗೇಮು ಅಷ್ಟೇ ಎನ್ನುತ್ತಾನೆ. ಪೊಲೀಸರ ಲೆಕ್ಕದಲ್ಲಿ ಅವನ ಮಾತು ಸರಿ. ಧರ್ಮದ ಲೆಕ್ಕದಲ್ಲೂ ಸರಿಯೇ? ಕೊಲ್ಲುವಂತೆ ಆಡಿದ್ದು ಕರ್ಮವಾಗುತ್ತದೆಯೇ, ಇಲ್ಲವೇ? ಈ ಪ್ರಶ್ನೆ ಮೊಬೈಲಿನ ಜೊತೆ ಬಂದದ್ದಲ್ಲ. ಕನ್ನಡ ಇದನ್ನು ಎಂಟು ನೂರು ವರ್ಷಗಳ ಹಿಂದೆಯೇ ಕೇಳಿಕೊಂಡಿದೆ, ತನ್ನದೇ ಉತ್ತರವನ್ನೂ ಕೊಟ್ಟಿದೆ. ಆ ಉತ್ತರವನ್ನು ಹಿಡಿದು ಇಂದಿನ ಕೆಲವು ಆಟಗಳನ್ನು ನೋಡಬೇಕು ಎಂಬುದು ಈ ಬರಹದ ಉದ್ದೇಶ.

ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಉಜ್ಜಯಿನಿಯ ಅರಸ ಯಶೋಧರ ತನ್ನ ಹೆಂಡತಿ ಅಮೃತಮತಿ ನಡುರಾತ್ರಿ ಎದ್ದು ಕುರೂಪಿ ಮಾವುತನ ಬಳಿಗೆ ಹೋಗುವುದನ್ನು ಕಣ್ಣಾರೆ ಕಾಣುತ್ತಾನೆ. ತಾಯಿಗೆ ನಿಜ ಹೇಳಲಾರದೆ, ಕೆಟ್ಟ ಕನಸು ಬಿತ್ತು ಎಂದು ಮಾತು ಮರೆಸುತ್ತಾನೆ. ತಾಯಿ ಚಂದ್ರಮತಿ ಅದನ್ನು ನಿಜವೆಂದೇ ನಂಬಿ, ದೋಷ ಕಳೆಯಲು ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಮಗ ಜೀವಹಿಂಸೆಗೆ ಒಪ್ಪುವುದಿಲ್ಲ, ತಾಯಿ ಬಲಿಯನ್ನು ಬಿಟ್ಟುಕೊಡುವುದಿಲ್ಲ. ಕೊನೆಗೆ ಇಬ್ಬರೂ ಒಂದು ನಡುದಾರಿ ಹುಡುಕಿಕೊಳ್ಳುತ್ತಾರೆ: ಹಿಟ್ಟಿನ ಕೋಳಿ. ಅದನ್ನು ಜೀವವಿರುವ ಕೋಳಿಯಂತೆ ತಿದ್ದಿ ತೀಡಿ ಬಣ್ಣ ಹಚ್ಚುತ್ತಾರೆ. ಅದರ ಚೆಲುವಿಗೆ ಮರುಳಾದ ಬೆಂತರವೊಂದು ಅದರೊಳಗೆ ಸೇರಿಕೊಳ್ಳುತ್ತದೆ. ಅರಸ ಕತ್ತಿ ಬೀಸಿದಾಗ ಹಿಟ್ಟು ಕೂಗಿಬಿಡುತ್ತದೆ. ಆ ಕೂಗಿಗೆ ಅರಸನ ಕೈ ನಡುಗುತ್ತದೆ, ಆದರೆ ಹೊತ್ತು ಮೀರಿರುತ್ತದೆ. ಆಮೇಲೆ ಅಮೃತಮತಿ ಇಟ್ಟ ವಿಷದಿಂದ ತಾಯಿ ಮಗ ಇಬ್ಬರೂ ಸಾಯುತ್ತಾರೆ. ನವಿಲು, ನಾಯಿ, ಮೀನು, ಆಡು ಎಂದು ಜನ್ಮ ಜನ್ಮಗಳಲ್ಲಿ ತೊಳಲುತ್ತಾರೆ, ಕೊನೆಗೆ ಕೋಳಿಗಳಾಗಿಯೇ ಹುಟ್ಟಿ ಬಾಣಕ್ಕೆ ಬೀಳುತ್ತಾರೆ. ಒಂದು ಮುದ್ದೆ ಹಿಟ್ಟಿಗೆ ಇಷ್ಟು ಜನ್ಮಗಳ ದಂಡ. ಇದೇ ಕಥೆಯನ್ನು ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕವಾಗಿಸಿದರು. ಕೊಂದದ್ದು ಯಾರನ್ನು? ಯಾರನ್ನೂ ಅಲ್ಲ. ಹಾಗಿದ್ದರೆ ತಪ್ಪು ಎಲ್ಲಿ?

ತಪ್ಪು ಹಿಟ್ಟಿನಲ್ಲಿ ಇಲ್ಲ ಎಂಬುದಕ್ಕೆ ನಮ್ಮ ಸುತ್ತಲೇ ಸಾಕ್ಷಿಗಳಿವೆ. ಮಧ್ವಾಚಾರ್ಯರ ಪರಂಪರೆ ಯಜ್ಞದಲ್ಲಿ ಜೀವವಿರುವ ಆಡನ್ನು ಬಿಟ್ಟು ಪಿಷ್ಟಪಶುವನ್ನು, ಅಂದರೆ ಹಿಟ್ಟಿನ ಪಶುವನ್ನು ತಂದಿತು. ಅಲ್ಲಿ ಹಿಟ್ಟು ಪಾಪದ ದಾರಿಯಲ್ಲ, ಪಾಪದಿಂದ ಬಿಡುಗಡೆ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟನ್ನರ ಧೊಂಡೆನ್‌ಲಿಂಗ್ ನೆಲೆ ಇದೆ, ಜೋಗ್‌ಚೆನ್ ಮಠವಿದೆ. ಅವರ ಬೌದ್ಧ ಪರಂಪರೆಯಲ್ಲಿ ದೇವತೆಗಳಿಗೆ ಅರ್ಪಿಸುವ ತೋರ್ಮಾ ಬಾರ್ಲಿ ಹಿಟ್ಟು ಬೆಣ್ಣೆ ಕಲಸಿ ಮಾಡಿದ್ದು. ಮಠಗಳ ಚಾಮ್ ನೃತ್ಯದಲ್ಲಿ ಹಿಟ್ಟಿನ ಒಂದು ಮನುಷ್ಯಾಕೃತಿಯನ್ನು ನಡುವೆ ಇಟ್ಟು, ಮುಖವಾಡದ ಅಥವಾ ಕಪ್ಪು ಟೋಪಿಯ ನರ್ತಕ ಅದನ್ನು ಆಯುಧದಿಂದ ಇರಿದು ತುಂಡರಿಸುತ್ತಾನೆ. ಆ ಗೊಂಬೆಗೆ ಅವರು ‘ಲಿಂಗ’ ಎನ್ನುತ್ತಾರೆ. ಕುರುಹು ಎಂಬುದಷ್ಟೇ ಅಲ್ಲಿ ಆ ಪದದ ಅರ್ಥ. ಇರಿಯುವುದು ‘ನಾನು’ ಎಂಬ ಅಂಟನ್ನು, ಬೇರೊಂದು ಜೀವವನ್ನಲ್ಲ ಎಂದು ಅವರ ವಿವರಣೆ. ಅದೇ ಹಿಟ್ಟು, ಅದೇ ಕತ್ತಿ, ಮೂರು ತೀರ್ಪು: ಜನ್ನನ ಕಥೆಯಲ್ಲಿ ಪಾಪ, ಮಾಧ್ವರಲ್ಲಿ ಯಜ್ಞ, ಟಿಬೆಟನ್ನರಲ್ಲಿ ಸಾಧನೆ. ಸತ್ತ ವಸ್ತು ಯಾವುದರಿಂದ ಮಾಡಿದ್ದು ಎಂಬುದರಿಂದ ಪಾಪ ನಿರ್ಣಯವಾಗುವುದಿಲ್ಲ ಎಂದಾಯಿತು. ಹಾಗೆಯೇ, ಸತ್ತದ್ದು ಹಿಟ್ಟು, ಸತ್ತದ್ದು ಪರದೆಯ ಬೆಳಕು ಎಂಬುದರಿಂದಲೇ ಪಾಪವಿಲ್ಲ ಎಂದೂ ಸಾಬೀತಾಗುವುದಿಲ್ಲ.

ಹಾಗಾದರೆ ಪಾಪ ಇರುವುದು ಎಲ್ಲಿ ಎಂಬುದಕ್ಕೆ ಜೈನರಲ್ಲೇ ಒಂದು ಉತ್ತರವಿದೆ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಬಳಿ ಕನಕಗಿರಿ ಇದೆ. ಜೈನ ಆಚಾರ್ಯ ಪೂಜ್ಯಪಾದರ ಹೆಸರಿನೊಂದಿಗೆ ಬೆಸೆದುಕೊಂಡ ಬೆಟ್ಟ ಅದು. ‘ತತ್ತ್ವಾರ್ಥಸೂತ್ರ’ಕ್ಕೆ ಪೂಜ್ಯಪಾದರು ಬರೆದ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಒಂದು ಮಾತು ಬರುತ್ತದೆ. ಮೈಮರೆತು ಕಷಾಯಕ್ಕೆ, ಅಂದರೆ ಕ್ರೋಧ ಲೋಭಗಳಂಥ ಮನೋವಿಕಾರಕ್ಕೆ, ಸಿಕ್ಕ ಜೀವ ಮೊದಲು ಪೆಟ್ಟು ಕೊಡುವುದು ತನಗೇ. ಆಮೇಲೆ ಬೇರೆ ಪ್ರಾಣಿ ಸತ್ತೀತು, ಸಾಯದೆಯೂ ಇದ್ದೀತು ಎಂಬುದು ಅದರ ಸಾರ. ಯಶೋಧರನ ತಪ್ಪನ್ನು ಈ ಬೆಳಕಿನಲ್ಲಿ ನೋಡಿದರೆ ಗಂಟು ಬಿಚ್ಚಿಕೊಳ್ಳುತ್ತದೆ. ಅವನಿಗೆ ಬಲಿಯ ಫಲ ಬೇಕಿತ್ತು, ಬಲಿಯ ಕಳಂಕ ಬೇಡವಾಗಿತ್ತು. ಬೇಡ ಎಂದು ನಿಲ್ಲುವ ಧೈರ್ಯ ಅವನಿಗಿರಲಿಲ್ಲ. ಆದ್ದರಿಂದ ಕೊಲ್ಲುವ ಬಯಕೆಯನ್ನು ಹಾಗೆಯೇ ಇಟ್ಟುಕೊಂಡು ಕೊಲ್ಲುವ ವಸ್ತುವನ್ನಷ್ಟೇ ಬದಲಾಯಿಸಿದ. ಹಿಟ್ಟು ಅವನಿಗೆ ಅಹಿಂಸೆಯಾಗಿರಲಿಲ್ಲ. ಒಳಗಿನ ಸಾಕ್ಷಿಗೆ ಕೊಟ್ಟ ನಿದ್ದೆಯ ಮದ್ದಾಗಿತ್ತು. ಜೈನರು ಇದನ್ನು ಸಂಕಲ್ಪಹಿಂಸೆ ಎನ್ನುತ್ತಾರೆ. ಅಡುಗೆ ಒಲೆಯಲ್ಲಿ, ಉಳುಮೆಯಲ್ಲಿ, ಆತ್ಮರಕ್ಷಣೆಯಲ್ಲಿ ಆಗುವ ಹಿಂಸೆಯನ್ನು ಗೃಹಸ್ಥ ಪೂರ್ತಿ ತಪ್ಪಿಸಲಾರ ಎಂದು ಒಪ್ಪಿಕೊಂಡ ಮತವೇ, ಸಂಕಲ್ಪಹಿಂಸೆಯನ್ನು ಮಾತ್ರ ಬಿಡಲೇಬೇಕು ಎನ್ನುತ್ತದೆ.

ಇದೇ ಸೀಮೆಯ ಚಿಕ್ಕಲ್ಲೂರಿನ ಮಾತನ್ನೂ ಇಲ್ಲಿ ಕೇಳಬೇಕು, ಇಲ್ಲವಾದರೆ ವಾದ ಒಂದು ಕಣ್ಣಿನದಾಗುತ್ತದೆ. ಮಂಟೇಸ್ವಾಮಿ ಪರಂಪರೆಯ ಸಿದ್ದಪ್ಪಾಜಿ ಗದ್ದುಗೆಯಲ್ಲಿ ಬನದ ಹುಣ್ಣಿಮೆಯ ಚಂದ್ರಮಂಡಲದಿಂದ ಐದು ದಿನದ ಜಾತ್ರೆ ಶುರುವಾಗುತ್ತದೆ. ಅದರಲ್ಲಿ ಪಂಕ್ತಿಸೇವೆಯೂ ಒಂದು: ಭಕ್ತರು ಬಿಡಾರಗಳಲ್ಲಿ ಮಾಂಸದಡುಗೆ ಮಾಡಿ, ಸಿದ್ದಪ್ಪಾಜಿಗೆ ಎಡೆ ಇಟ್ಟು, ನೆಂಟರು ಪರಸ್ಥಳದವರು ಎನ್ನದೆ ಸಾಲಾಗಿ ಕೂತು ಉಣ್ಣುತ್ತಾರೆ. 1959ರ ಪ್ರಾಣಿಬಲಿ ತಡೆ ಕಾಯ್ದೆಯನ್ನು ಹಿಡಿದು ಆಡಳಿತ ತಡೆಯಲು ಹೋದಾಗಲೆಲ್ಲ, ಇದು ಬಲಿಯಲ್ಲ, ನಮ್ಮ ಊಟ ಎಂದು ಭಕ್ತರು ವಾದಿಸುತ್ತಾರೆ. ಈ ಜಗಳದ ಸರಿ ತಪ್ಪು ಬೇರೆ ಚರ್ಚೆ. ನನಗೆ ಮುಖ್ಯವಾಗಿ ಕಾಣುವುದು ಒಂದೇ: ಅವರು ತಾವು ಮಾಡುವುದನ್ನು ಬಚ್ಚಿಡುವುದಿಲ್ಲ. ಆಡು ಆಡೇ, ನೆತ್ತರು ನೆತ್ತರೇ, ಹಸಿವು ಹಸಿವೇ. ಜೈನನೊಬ್ಬ ಅವರನ್ನು ಒಪ್ಪಲಾರ. ಆದರೆ ಯಶೋಧರನ ಮೇಲೆ ಹೊರಿಸಿದ ಆತ್ಮವಂಚನೆಯ ಆರೋಪವನ್ನು ಅವರ ಮೇಲೆ ಹೊರಿಸಲಾರ.

ಈಗ ಮೊಬೈಲಿನ ಪರದೆಗೆ ಬರೋಣ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ಭಾರತದಲ್ಲಿ ನಿಷೇಧವಾಯಿತು. ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿಯ ಸುರಕ್ಷೆ, ಆಟದ ಒಳಗಿನ ಕೊಲೆಯಲ್ಲ. ಮರುವರ್ಷ ಅದೇ ಆಟ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಜನರ ಬಾಯಲ್ಲಿ ಬಿಜಿಎಂಐ, ಎಂಬ ಹೆಸರಿನಲ್ಲಿ ಮರಳಿತು. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುತ್ತಾರೆ, ಮನೆ ಮನೆ ಹೊಕ್ಕು ಲೂಟು ಮಾಡಿ ಬಂದೂಕು ಹುಡುಕುತ್ತಾರೆ, ಝೋನ್ ಕಿರಿದಾಗುತ್ತಾ ಬಂದಂತೆ ಒಬ್ಬರನ್ನೊಬ್ಬರು ಮುಗಿಸುತ್ತಾರೆ, ಕೊನೆಗೆ ಉಳಿದವನು ಅಥವಾ ಉಳಿದ ಸ್ಕ್ವಾಡ್ ಗೆಲ್ಲುತ್ತದೆ. ಗೆದ್ದವರಿಗೆ ಪರದೆಯ ಮೇಲೆ ಕೋಳಿ ಊಟದ ಶುಭಾಶಯ ಬರುತ್ತದೆ. ಭಾರತಕ್ಕೆ ಬರುವಾಗ ಆಟದಲ್ಲಿ ಆದ ಬದಲಾವಣೆಗಳನ್ನು ಗಮನಿಸಿ. ಕೊಂದ ಲೆಕ್ಕಕ್ಕೆ ಇದ್ದ ‘ಕಿಲ್’ ಪದ ಹೋಗಿ ‘ಫಿನಿಶ್’ ಬಂತು. ಗುಂಡು ತಗುಲಿದಾಗ ಚಿಮ್ಮುವ ನೆತ್ತರು ಹಸಿರಾಯಿತು. ಇದು ನಿಜಲೋಕವಲ್ಲ, ಕಲ್ಪಿತ ಲೋಕ ಎಂದು ಎಚ್ಚರಿಸುವ ಮಾತು ಸೇರಿತು. ಗುರಿ ಇಡುವುದು, ಹಣೆಗೆ ಹೊಡೆದರೆ ಹೆಚ್ಚು ಪೆಟ್ಟು, ಬಿದ್ದು ತೆವಳುವವನನ್ನು ಬಿಡಬೇಕೋ ಮುಗಿಸಬೇಕೋ ಎಂಬ ಕ್ಷಣ, ಮುಗಿಸಿದ ಮೇಲೆ ಏರುವ ಅಂಕಿ, ಇವು ಯಾವುವೂ ಬದಲಾಗಲಿಲ್ಲ. ಬಯಕೆ ಅದೇ, ಬಣ್ಣ ಬೇರೆ. ಜನ್ನನ ಕೋಳಿಗೆ ಬಳಿದ ಬಣ್ಣ ಹಿಟ್ಟನ್ನು ಜೀವದಂತೆ ಕಾಣಿಸಿತು. ಇಲ್ಲಿನ ಬಣ್ಣ ಜೀವದಂತಿರುವುದನ್ನು ಹಿಟ್ಟಿನಂತೆ ಕಾಣಿಸುತ್ತದೆ. ಎರಡರ ಕೆಲಸವೂ ಮನಸ್ಸಾಕ್ಷಿಗೆ ಸಮಾಧಾನ ಹೇಳುವುದೇ. ಹಸಿರು ನೆತ್ತರು ಮಕ್ಕಳನ್ನು ಕಾಯುತ್ತದೆ ಎಂದು ನಂಬಿದ ಹಿರಿಯರು ಚಂದ್ರಮತಿಯ ಜಾಗದಲ್ಲಿ ನಿಂತಿದ್ದಾರೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು, ಅದೂ ಬೌದ್ಧ ಶಾಸ್ತ್ರದಿಂದಲೇ ಬರಬಲ್ಲದ್ದು. ಚೇತನೆಯೇ, ಅಂದರೆ ಉದ್ದೇಶವೇ ಕರ್ಮ ಎಂದು ಬುದ್ಧ ಹೇಳಿದ್ದು ನಿಜ. ಆದರೆ ಬೌದ್ಧ ವ್ಯಾಖ್ಯಾನಕಾರರು ಪ್ರಾಣಹತ್ಯೆ ಪೂರ್ಣವಾಗಲು ಐದು ಅಂಗ ಬೇಕೆನ್ನುತ್ತಾರೆ: ಜೀವಿ ಇರಬೇಕು, ಅದು ಜೀವಿ ಎಂದು ತಿಳಿದಿರಬೇಕು, ಕೊಲ್ಲುವ ಮನಸ್ಸಿರಬೇಕು, ಅದಕ್ಕೆ ಯತ್ನ ಆಗಬೇಕು, ಜೀವಿ ಸಾಯಬೇಕು. ಪರದೆಯ ಆಟದಲ್ಲಿ ಜೀವಿ ಇಲ್ಲ. ಇಲ್ಲವೆಂದು ಆಡುವವನಿಗೆ ಚೆನ್ನಾಗಿ ಗೊತ್ತು. ಬಿಜಿಎಂಐಯಲ್ಲಿ ಆಕೃತಿಯ ಹಿಂದೆ ನಿಜವಾದ ಒಬ್ಬ ಆಟಗಾರ ಇದ್ದರೂ ಅವನು ಸೋತು ಮತ್ತೊಂದು ಮ್ಯಾಚಿಗೆ ಹೋಗುತ್ತಾನೆ, ಅಷ್ಟೇ. ಯಶೋಧರ ತನ್ನ ಕತ್ತಿಯ ಏಟು ದೇವಿಗೆ ಬಲಿಯಾಗಿ ಸಲ್ಲಲಿ ಎಂದು ಬಯಸಿದ; ಆಟವಾಡುವ ಹುಡುಗ ತನ್ನ ಗುಂಡು ಯಾರನ್ನಾದರೂ ನಿಜಕ್ಕೂ ತಗುಲಲಿ ಎಂದು ಬಯಸುವುದಿಲ್ಲ. ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆಟದ ಕೊಲೆ ಕೊಲೆಯಲ್ಲ. ಅದೂ ಕೊಲೆಯೇ ಎಂದು ಹೆದರಿಸುವ ಬೋಧಕರು ತಪ್ಪು ಮಾಡುತ್ತಿದ್ದಾರೆ. ಹಿಂಸೆಯ ವಿಡಿಯೊ ಗೇಮುಗಳು ನಿಜವಾದ ಹಿಂಸಾಕೃತ್ಯಗಳಿಗೆ ಕಾರಣ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ಅಮೆರಿಕದ ಮನೋವಿಜ್ಞಾನ ಸಂಘವೂ 2020ರಲ್ಲಿ ಎಚ್ಚರಿಸಿತು. ಪೊಲೀಸರ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಧರ್ಮದ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ. ಪೂಜ್ಯಪಾದರ ಮಾತಿನಲ್ಲಿ ಮೊದಲ ಪೆಟ್ಟು ಬೀಳುವುದು ಎದುರಿನವನಿಗಲ್ಲವಲ್ಲ. ಜೈನರಲ್ಲಿ ಕಾಲಸೌಕರಿಕನ ಕಥೆಯಿದೆ. ದಿನಕ್ಕೆ ಐನೂರು ಕೋಣ ಕಡಿಯುವ ಕಟುಕ ಅವನು. ಒಂದು ದಿನವಾದರೂ ಕೊಲೆ ನಿಲ್ಲಲಿ ಎಂದು ಶ್ರೇಣಿಕ ರಾಜ ಅವನನ್ನು ಬಾವಿಗೆ ಇಳಿಸುತ್ತಾನೆ. ಬಾವಿಯ ತಳದಲ್ಲಿ ಅವನು ಮಣ್ಣಿನ ಕೋಣಗಳನ್ನು ಮಾಡಿ ಐನೂರನ್ನೂ ಕೊಂದು ಲೆಕ್ಕ ತುಂಬಿಸುತ್ತಾನೆ. ಅಂದು ಒಂದು ಕೋಣವೂ ಸಾಯಲಿಲ್ಲ. ಅವನು ಮಾತ್ರ ಇದ್ದಲ್ಲೇ ಇದ್ದ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್‌ನ ಹಿಡಿತ ತಪ್ಪುವುದನ್ನು ರೋಗಗಳ ಪಟ್ಟಿಗೆ ಸೇರಿಸಿದಾಗ ಕೇಳಿದ ಪ್ರಶ್ನೆಯೂ ಇದೇ: ಎಷ್ಟು ಕೊಂದ ಎಂಬುದಲ್ಲ, ನಿಲ್ಲಿಸಬಲ್ಲನೇ ಎಂಬುದು.

ಎರಡನೆಯ ಆಕ್ಷೇಪ ಸಾಹಿತ್ಯದವರದು. ಹಾಗಾದರೆ ರನ್ನನ ‘ಗದಾಯುದ್ಧ’ ಓದುವವನೂ, ಬಯಲಾಟದಲ್ಲಿ ದುಶ್ಶಾಸನನ ವಧೆ ನೋಡಿ ಶಿಳ್ಳೆ ಹೊಡೆಯುವವನೂ ಹಿಂಸೆಗೆ ಬಿದ್ದನೇ? ಇಲ್ಲ, ಕಾರಣ ನಮ್ಮ ಭಾಷೆಯಲ್ಲೇ ಇದೆ. ಬಯಲಾಟ ನೋಡಿ ಬೆಳಗಿನ ಜಾವ ಮನೆಗೆ ಬಂದವನು ‘ಭೀಮ ಎದೆ ಬಗೆದ’ ಎನ್ನುತ್ತಾನೆ, ‘ನಾನು ಎದೆ ಬಗೆದೆ’ ಎನ್ನುವುದಿಲ್ಲ. ಗೇಮು ಆಡುವವನು ‘ನಾನು ಸತ್ತೆ’, ‘ಅವನ್ನ ನಾನೇ ಹೊಡೆದೆ’ ಎನ್ನುತ್ತಾನೆ. ರಸಾನುಭವದಲ್ಲಿ ಕರಗುವ ‘ನಾನು’ ಆಟದಲ್ಲಿ ಕರಗುವುದಿಲ್ಲ, ಹೆಬ್ಬೆರಳಿನ ತುದಿಯಲ್ಲಿ ಗಟ್ಟಿಯಾಗುತ್ತದೆ. ಹಾಗೆಂದರೆ ಚದುರಂಗದಲ್ಲಿ ಆನೆ ಹೊಡೆಯುವುದೂ ತಪ್ಪೇ ಎಂದು ಕೇಳಬಹುದು. ಚದುರಂಗದ ಆನೆಗೆ ಮುಖವಿಲ್ಲ, ನೋವಿಲ್ಲ. ಅಲ್ಲಿ ಬಯಸುವುದು ಜಾಣ್ಮೆಯ ಗೆಲುವನ್ನು. ಆದ್ದರಿಂದ ಪ್ರತಿ ಆಟಕ್ಕೂ ಕೇಳಬೇಕಾದದ್ದು: ಇದು ಆಡುವವನು ಏನನ್ನು ಬಯಸುವಂತೆ ಮಾಡುತ್ತದೆ, ಮತ್ತು ಆ ಬಯಕೆಯನ್ನು ಅವನ ಕಣ್ಣಿಗೆ ತೋರಿಸುತ್ತದೋ ಮುಚ್ಚುತ್ತದೋ?

ತೋರಿಸುವ ಆಟಗಳೂ ಇವೆ, ಅವುಗಳ ಬಗ್ಗೆ ಕನ್ನಡದಲ್ಲಿ ನಾವು ಸಾಕಷ್ಟು ಮಾತಾಡಿಲ್ಲ. 2005ರಲ್ಲಿ ಜಪಾನಿನಿಂದ ಬಂದ ‘ಶ್ಯಾಡೋ ಆಫ್ ದಿ ಕೊಲೋಸಸ್’ ಆಟದ ಕಥೆ ಯಶೋಧರನಿಗೆ ಹತ್ತಿರದ್ದು. ಸತ್ತ ಹುಡುಗಿಯನ್ನು ಬದುಕಿಸಿಕೊಳ್ಳಲು ಯುವಕನೊಬ್ಬ ನಿರ್ಜನ ನಾಡಿಗೆ ಬರುತ್ತಾನೆ; ಹದಿನಾರು ದೈತ್ಯರನ್ನು ಕೊಂದರೆ ಆದೀತು ಎಂದು ಗುಡಿಯ ದನಿ ಹೇಳುತ್ತದೆ. ಫಲಕ್ಕಾಗಿ ಬಲಿ. ಹದಿಮೂರನೆಯ ದೈತ್ಯ ಮರಳುಗಾಡಿನ ಮೇಲೆ ತೇಲುವ ಉದ್ದನೆಯ ಹಾವಿನಂಥ ಜೀವಿ. ಅದು ಆಡುವವನ ಮೇಲೆ ಒಮ್ಮೆಯೂ ಎರಗುವುದಿಲ್ಲ. ಹೊಟ್ಟೆಯಡಿಯ ಗಾಳಿಚೀಲಗಳಿಗೆ ಬಾಣ ಹೊಡೆದು ಅದನ್ನು ಕೆಳಗಿಳಿಸಬೇಕು, ಕುದುರೆ ಓಡಿಸಿ ಅದರ ರೆಕ್ಕೆಯನ್ನು ಹಿಡಿದು ಏರಬೇಕು, ಬೆನ್ನಿನ ಮೇಲೆ ನಡೆದು ಕತ್ತಿ ಇಳಿಸಬೇಕು. ಅದು ಬಿದ್ದಾಗ ಗೆಲುವಿನ ತುತ್ತೂರಿ ಇಲ್ಲ, ಶೋಕದ ಸಂಗೀತ ಇದೆ. ಕಪ್ಪು ಎಳೆಗಳು ಸತ್ತ ಮೈಯಿಂದ ಎದ್ದು ಯುವಕನ ಎದೆಗೆ ಹೊಗುತ್ತವೆ. ಒಂದೊಂದು ಕೊಲೆಯೂ ಮುಗಿದಂತೆ ಅವನ ಮೈಬಣ್ಣ ಕೆಡುತ್ತಾ ಬರುತ್ತದೆ. ಮೊದಲ ಪೆಟ್ಟು ತನಗೇ ಎಂಬ ಮಾತನ್ನು ಇದಕ್ಕಿಂತ ಸ್ಪಷ್ಟವಾಗಿ ಚಿತ್ರದಲ್ಲಿ ತೋರಿಸಿದ ಇನ್ನೊಂದು ಆಟವನ್ನು ನಾನು ಕಂಡಿಲ್ಲ. 2015ರ ‘ಅಂಡರ್‌ಟೇಲ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರಲ್ಲಿ ಯಾರನ್ನೂ ಕೊಲ್ಲದೆ ಕೊನೆ ಮುಟ್ಟಬಹುದು. ಆರಂಭದಲ್ಲಿ ತಾಯಿಯಂತೆ ನೋಡಿಕೊಂಡ ಟೊರಿಯಲ್ ದಾರಿಗೆ ಅಡ್ಡ ನಿಲ್ಲುತ್ತಾಳೆ. ಕರುಣೆಯ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರಷ್ಟೇ ಬಿಟ್ಟುಕೊಡುತ್ತಾಳೆ, ತಾಳ್ಮೆಗೆಟ್ಟವರು ಹೊಡೆದುಬಿಡುತ್ತಾರೆ. ಹೊಡೆದವನು ನೊಂದು, ಹಳೆಯ ಸೇವ್‌ಗೆ ಮರಳಿ, ಈ ಸಲ ಅವಳನ್ನು ಉಳಿಸಿದನೆನ್ನಿ. ಮುಂದೆ ಸಿಗುವ ಹೂವಿನ ಪಾತ್ರವೊಂದು ಅವನಿಗೆ ನೆನಪಿಸುತ್ತದೆ: ನೀನು ಮೊದಲು ಅವಳನ್ನು ಕೊಂದಿದ್ದೆ, ನನಗೆ ಗೊತ್ತು. ಬೇರೆ ಆಟಗಳಲ್ಲಿ ಅಳಿಸಿ ಬರೆಯುವ ಸೌಕರ್ಯವಾಗಿದ್ದ ಸೇವ್ ಇಲ್ಲಿ ಚಿತ್ರಗುಪ್ತನ ಕಡತವಾಗುತ್ತದೆ. ಹಿಟ್ಟಿನ ಕೋಳಿ ಕೂಗಿದ್ದು ಹೀಗೆಯೇ.

ನೆತ್ತರಿಲ್ಲದ ಆಟ ನಿರಪಾಯ ಎಂಬ ಭ್ರಮೆಯೂ ಬೇಡ. ಮಹಾಭಾರತದ ಪಗಡೆ ಹಾಸಿನ ಮೇಲೆ ಒಂದು ಹನಿ ನೆತ್ತರು ಬೀಳಲಿಲ್ಲ; ರಾಜ್ಯ ಹೋಯಿತು, ತಮ್ಮಂದಿರು ಹೋದರು, ದ್ರೌಪದಿ ಸಭೆಗೆ ಎಳೆದು ತರಲ್ಪಟ್ಟಳು. ಹಣ ಕಟ್ಟಿ ಆಡುವ ಆನ್‌ಲೈನ್ ರಮ್ಮಿ ಮುಂತಾದ ಆಟಗಳಲ್ಲಿ ಬಂದೂಕಿಲ್ಲ, ಬಣ್ಣ ಬಣ್ಣದ ಎಲೆಗಳಿವೆ. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಮರುವರ್ಷ ಹೈಕೋರ್ಟ್ ರದ್ದು ಮಾಡಿತು. 2025ರಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಕಾಯ್ದೆ ತನ್ನ ಕೆಲಸ ಮಾಡಲಿ. ಲೋಭವೂ ಕ್ರೋಧದಂತೆಯೇ ಒಂದು ಕಷಾಯ ಎಂದು ಜೈನರು ಎಣಿಸಿದ್ದು ಕಾರಣವಿಲ್ಲದೆ ಅಲ್ಲ.

ಕೊನೆಯ ಆಕ್ಷೇಪ ದಣಿದವರದು, ಅದಕ್ಕೆ ಮರ್ಯಾದೆ ಕೊಡಬೇಕು. ದಿನವಿಡೀ ದುಡಿದವನು ಅರ್ಧ ಗಂಟೆ ಆಡಿ ಹಗುರಾಗುತ್ತಾನೆ, ಅವನ ಮುಂದೆ ಶಾಸ್ತ್ರ ಬಿಚ್ಚುವುದು ಏಕೆ? ಹಗುರಾಗಲಿ. ಬಿಜಿಎಂಐ ಆಡುವವರು ಬಿದ್ದ ಗೆಳೆಯನನ್ನು ಗುಂಡಿನ ಮಳೆಯ ನಡುವೆ ತೆವಳಿ ಹೋಗಿ ಎಬ್ಬಿಸುವುದೂ ಉಂಟು, ಆ ಸ್ನೇಹವನ್ನು ನಾನು ಕಡೆಗಣಿಸುವುದಿಲ್ಲ. ನಿಷೇಧ ಬೇಕೆಂದೂ ನಾನು ಕೇಳುತ್ತಿಲ್ಲ. ನೆತ್ತರಿಗೆ ಹಸಿರು ಬಳಿದು ‘ಈಗ ಸರಿಯಾಯಿತು’ ಎನ್ನುವ ಅಪ್ರಾಮಾಣಿಕತೆಯನ್ನಷ್ಟೇ ಬಿಡೋಣ ಎನ್ನುತ್ತಿದ್ದೇನೆ. ನೆತ್ತರು ಕೆಂಪಾಗಿಯೇ ಇರಲಿ. ನೋಡಲಾರದವನು ಆಟ ಬಿಡಲಿ.

ಕನ್ನಡದಲ್ಲಿ ಈಗ ಗೇಮು ಕಟ್ಟಲು ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ ಇದೆ. ಜನ್ನನ ಕಥೆಯನ್ನು ಎತ್ತಿಕೊಳ್ಳಿ. ಹಿಟ್ಟು ಕಲಸುವುದರಿಂದ ಶುರು ಮಾಡಿ. ಜುಟ್ಟು, ಕೊಕ್ಕು, ಪುಕ್ಕ ತಿದ್ದುವುದನ್ನೂ ಬಣ್ಣ ಹಚ್ಚುವುದನ್ನೂ ಆಡುವವನಿಗೇ ಬಿಡಿ, ತನ್ನ ಕೈಯಾರೆ ಮಾಡಿದ್ದರ ಮೇಲೆ ಅವನಿಗೆ ಮೋಹ ಹುಟ್ಟಲಿ. ಕತ್ತಿ ಎತ್ತುವ ಗುಂಡಿ ಒಂದಿರಲಿ, ಬೇಡ ಎಂದು ತಾಯಿಗೆ ನಿಜ ಹೇಳುವ ಗುಂಡಿ ಇನ್ನೊಂದಿರಲಿ. ಕತ್ತಿ ಆರಿಸಿದವನಿಗೆ ಆ ಕೂಗನ್ನು ಪೂರ್ತಿಯಾಗಿ ಕೇಳಿಸಿ, ಅದನ್ನು ಸ್ಕಿಪ್ ಮಾಡುವ ದಾರಿ ಕೊಡಬೇಡಿ.